ಭಂಗಾರಿಗೆ ಹೋದ ಬಂಗಾರ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳು. ಬರಬೇಕಾದ ಹೊತ್ತಿಗೆ ಬರುತ್ತದೆ, ಅಷ್ಟೇ. ಉಳಿದವರಿಗೆ ಬರಬೇಕಾದ ಹೊತ್ತಿಗೂ ಬರುವುದಿಲ್ಲವಲ್ಲ, ಅದಕ್ಕೇ ನಾನು ಎದ್ದು ಕಾಣುತ್ತೇನೆ. ನನ್ನ ಸೈಕಲ್ಲನ್ನು ಭಂಗಾರಿಗೆ ಹಾಕಿದವರ ಮೇಲೆ ನನಗೆ ಇದನ್ನು ಬರೆಯುವಾಗಲೂ ಸಿಟ್ಟಿದೆ. ತಣ್ಣಗಾದ ಮೇಲೆ ಬರೆಯಬಹುದಿತ್ತಲ್ಲ ಎಂದು ಯಾರೂ ಬುದ್ಧಿ ಹೇಳಬೇಕಾಗಿಲ್ಲ.

ಮೊದಲು ಆ ಪದದ ಸಂಗತಿ ಹೇಳಿಬಿಡುತ್ತೇನೆ. ನಾನು ಮದುವೆಯಾಗಿ ಕುಂದಾಪುರದ ಕಡೆಯಿಂದ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದ ಹೊಸತು. ಬೆಳಿಗ್ಗೆ ಕೆಳಗೆ ಕೈಗಾಡಿಯವನೊಬ್ಬ "ಭಂಗಾರ್, ಭಂಗಾರ್ವಾಲೇ" ಎಂದು ರಾಗ ಎಳೆಯುತ್ತ ಹೋಗುತ್ತಿದ್ದ. ನಮ್ಮ ಕಡೆಯವರ ಕಿವಿಗೆ ಬ, ಭ ಎರಡೂ ಒಂದೇ. ನಾನು ಕೇಳಿಸಿಕೊಂಡದ್ದು ಬಂಗಾರ. ಗಂಡನ ಹತ್ತಿರ, "ಹ್ವಾಯ್, ಇದೆಂತ ಊರು? ಬಂಗಾರವನ್ನು ಕೈಗಾಡಿಯಲ್ಲಿ ಹಾಕ್ಕೊಂಡು ಮಾರ್ತಾರಾ?" ಎಂದು ಕೇಳಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಇಲ್ಲಿ ಭಂಗಾರ್ ಎಂದರೆ ಗುಜರಿ, ಹಳೇ ಕಬ್ಬಿಣ, ಮುರಿದ ಬಕೆಟ್ಟು, ರದ್ದಿ. ಈ ಊರಿಗೆ ಬಂದ ಕನ್ನಡದವರು ಒಂದಲ್ಲ ಒಂದು ದಿನ ಈ ಪದಕ್ಕೆ ಎಡವುತ್ತಾರೆ. ನಾನೂ ಎಡವಿದೆ, ನಗಿಸಿಕೊಂಡೆ, ಕಲಿತೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ನನ್ನ ಕಸುಬು ದೋಸೆ ಹಿಟ್ಟಿನದು. ಗಂಡ ಠಾಣೆಯಲ್ಲಿ ಒಂದು ಹೋಟೆಲಿನ ಕೌಂಟರಿನಲ್ಲಿ ಕೂರುತ್ತಾರೆ. ನಾನು ಮನೆಯಲ್ಲಿ ಗ್ರೈಂಡರ್ ಇಟ್ಟುಕೊಂಡು ಇಡ್ಲಿ, ದೋಸೆ ಹಿಟ್ಟು ರುಬ್ಬಿ ಮನೆಮನೆಗೆ ಕೊಡುತ್ತೇನೆ. ಸೈಕಲ್ಲಿನ ಕ್ಯಾರಿಯರಿನ ಎರಡೂ ಬದಿಗೆ ಸ್ಟೀಲಿನ ಡಬ್ಬ ಕಟ್ಟಿಕೊಂಡು ಹೊರಡುವುದು. ನಮ್ಮ ಮನೆ ಈಸ್ಟಿನಲ್ಲಿ, ಗಿರಾಕಿಗಳು ಹೆಚ್ಚಿನವರು ವೆಸ್ಟಿನಲ್ಲಿ. ನಡುವೆ ರೈಲು ಹಳಿ. ಆಚೆ ಹೋಗಬೇಕಾದರೆ ಬ್ರಿಜ್ ಹತ್ತಬೇಕು.

ಆ ಬ್ರಿಜ್ಜಿನ ಏರು ನನ್ನ ಬಲ ಮಂಡಿಯನ್ನು ತಿಂದುಹಾಕಿತು. ಮೊದಲು ಹತ್ತುವಾಗ ಕಟಕಟ ಅನ್ನುತ್ತಿತ್ತು, ಆಮೇಲೆ ಇಳಿಯುವಾಗಲೂ ಅನ್ನತೊಡಗಿತು, ಕೊನೆಗೆ ಸುಮ್ಮನೆ ಕೂತಾಗಲೂ ನೋವು. ಡಾಕ್ಟರರ ಹತ್ತಿರ ಹೋದರೆ ಅವರು ಎಕ್ಸ್‌ರೇ ಫೋಟೋ ನೋಡಿ, "ಸೈಕಲ್ ಬಂದ್ ಮಾಡಿ, ಆರಾಮ ಮಾಡಿ" ಎಂದರು. ಆರಾಮ! ಆರಾಮ ಮಾಡಿದರೆ ಹಿಟ್ಟು ಯಾರು ಮುಟ್ಟಿಸುತ್ತಾರೆ, ಅವರ ಅಪ್ಪನಾ? ಗಂಡನೂ ಅದೇ ರಾಗ ಹಾಡಿದರು. "ಸಾಕು ಮಾಡು ಮಾರಾಯ್ತಿ. ಮನೆಗೆ ಬಂದವರಿಗೆ ಕೊಟ್ಟರೆ ಸಾಕಲ್ಲ." ಇಷ್ಟು ವರ್ಷ ಬಿಸಿಲು ಮಳೆ ಅನ್ನದೆ ನಾನು ಕಟ್ಟಿಕೊಂಡ ಗಿರಾಕಿಗಳು, ಬಾಗಿಲು ತೆರೆದು "ಬಂದ್ರಾ ಅಕ್ಕ" ಎನ್ನುವ ಆ ಮನೆಗಳು, ಬೆಳಿಗ್ಗೆಯ ಆ ಹೊತ್ತು, ಎಲ್ಲವನ್ನೂ ಒಂದು ಮಂಡಿಗೋಸ್ಕರ ಬಿಟ್ಟು ಮನೆಯಲ್ಲಿ ಕೂರಬೇಕಂತೆ. ಕೂತರೆ ನಾನು ಮತ್ತೆ ಏಳುವವಳಲ್ಲ ಎಂದು ನನಗೆ ಗೊತ್ತಿತ್ತು. ಹೆದರಿಕೆಯೂ ಆಗಿತ್ತು, ಹೇಳುವುದಕ್ಕೇನು ನಾಚಿಕೆ.

ಕರೆಂಟಿನ ಸೈಕಲ್ ಬರುತ್ತದೆ ಎಂದು ಗಿರಾಕಿಯೊಬ್ಬರು ಹೇಳಿದ್ದರು. ಗಂಡನನ್ನು ಎಳೆದುಕೊಂಡು ಠಾಣೆಯ ಅಂಗಡಿಗೆ ಹೋದೆ. ಅಂಗಡಿಯವನು ನಾನು ಕೇಳಿದ ಪ್ರಶ್ನೆಗೆಲ್ಲ ನನ್ನ ಗಂಡನ ಮುಖ ನೋಡಿ ಉತ್ತರ ಕೊಟ್ಟ. "ಡಬ್ಬದ ಭಾರ ತಡೆಯುತ್ತದಾ?" ನಾನು ಕೇಳಿದ್ದು. "ಸರ್, ಇದು ಬೆಳಿಗ್ಗೆ ಎಕ್ಸರ್‌ಸೈಜ್ ಮಾಡುವವರಿಗೆ." ಹೇಳಿದ್ದು ಗಂಡನಿಗೆ. "ಏರು ಹತ್ತುತ್ತದಾ?" ನಾನು. "ಸರ್, ಮ್ಯಾಡಮ್‌ಗೆ ಇದೆಲ್ಲ ಯಾಕೆ, ಒಂದು ಸ್ಕೂಟಿ ಕೊಡಿಸಿಬಿಡಿ." ಗಂಡನಿಗೆ. ಸ್ಕೂಟಿ ಕಲಿತು ಲೈಸೆನ್ಸ್ ಮಾಡಿಸುವ ಆಸೆ ನನಗಿಲ್ಲ, ನಾನು ಹೋಗುವ ಗಲ್ಲಿಗಳಲ್ಲಿ ಅದು ತಿರುಗುವುದೂ ಇಲ್ಲ. ಅದಿರಲಿ, ನಾನು ಅಲ್ಲಿ ನಿಂತಿದ್ದೆನೋ ಇಲ್ಲವೋ? ನನಗೆ ಪಿತ್ತ ನೆತ್ತಿಗೇರಿತು. "ನಿನ್ನ ಸೈಕಲ್ ನಿನ್ನ ಸರ್‌ಗೇ ಮಾರಪ್ಪ" ಎಂದು ಹೊರಗೆ ಬಂದೆ. ಗಂಡ ಹಿಂದಿನಿಂದ ಬಂದು, "ಅವನೆಂತ ಮಾಡಿದ ಪಾಪ" ಎಂದರು. ಸ್ಟೇಷನ್ ಬರುವವರೆಗೆ ನಾನು ಅವರಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ.

ಹಾಗೆ ನಾನು ಭಂಗಾರಿಗೆ ಹೋದದ್ದು. ಕಲ್ಯಾಣ್–ಶೀಳ್ ರಸ್ತೆಯಲ್ಲಿ ಹಳೇ ಗಾಡಿಗಳನ್ನು ಬಿಚ್ಚಿ ಮಾರುವ ಗೋಡೌನುಗಳು ಸಾಲಾಗಿವೆ. ಅಲ್ಲೇ ಪಕ್ಕದಲ್ಲಿ ವಿಜಯಪುರದ ಕಡೆಯ ಒಬ್ಬ ಮೆಕ್ಯಾನಿಕ್ ಗ್ಯಾರೇಜ್ ಇಟ್ಟುಕೊಂಡಿದ್ದಾನೆ. ಬಾಯಿಬಡುಕ, ಆದರೆ ನನ್ನ ಮುಖ ನೋಡಿ ಮಾತಾಡಿದ. ಅಷ್ಟು ಸಾಕಾಯಿತು. ಬಿದ್ದ ಕಾರಿನ ಮೋಟರು ತೆಗೆದು ನನ್ನ ಸೈಕಲ್ಲಿಗೆ ಕೂರಿಸಲು ಆಗುತ್ತದಾ ಎಂದು ಕೇಳಿದೆ.

"ಯಾಕ ಆಗಂಗಿಲ್ರೀ ಅಕ್ಕಾರ? ವೈಪರ್ ಮೋಟರ್ ಹಾಕೂಣ. ಮಳ್ಯಾಗ ಅಷ್ಟ್ ದೊಡ್ಡ ಬಸ್ಸಿನ ಗ್ಲಾಸ್ ಒರಸ್ತೈತಿ, ನಿಮ್ಮ ಸೈಕಲ್ ಎಳಿಯಂಗಿಲ್ಲೇನು?"

ಹಾಕಿದ. ಎಳೆಯಿತು, ಎಳೆಯದೆ ಏನು. ಆದರೆ ಗಾಜು ಒರೆಸುವ ವೇಗದಲ್ಲೇ ಎಳೆಯಿತು. ಬ್ರಿಜ್ಜಿನ ಬುಡದಲ್ಲಿ ಸ್ವಿಚ್ ಒತ್ತಿದರೆ ನನ್ನ ಪಕ್ಕದಲ್ಲಿ ನಡೆದು ಬರುತ್ತಿದ್ದ ಅಜ್ಜ ನನ್ನನ್ನು ದಾಟಿ ಹೋದರು. ಹೋಗುವಾಗ ತಿರುಗಿ ಒಮ್ಮೆ ನೋಡಿದರು ಬೇರೆ. ಮಾರನೆಯ ದಿನ ಹೋಗಿ ಮೆಕ್ಯಾನಿಕನಿಗೆ ಮಂಗಳಾರತಿ ಮಾಡಿದೆ. ಅವನು ತಲೆ ಕೆರೆದುಕೊಂಡು, "ತಾಕತ್ ಐತ್ರಿ ಅಕ್ಕಾರ, ಓಟ ಇಲ್ಲ" ಎಂದ. ತಾಕತ್ತು ಇದ್ದು ಓಟ ಇಲ್ಲದ್ದು ನನ್ನ ಮಂಡಿಯೂ ಹೌದು, ಅದಕ್ಕೆ ಇನ್ನೊಂದು ಯಾಕೆ ಎಂದೆ.

ಆಮೇಲೆ ಸಿಕ್ಕಿದ್ದು ಸರಿಯಾದದ್ದು. ಮುಂದಿನಿಂದ ನುಜ್ಜುಗುಜ್ಜಾದ ಒಂದು ಚಿಕ್ಕ ಕಾರಿನ ರೇಡಿಯೇಟರ್ ಫ್ಯಾನಿನ ಮೋಟರು. ಇಂಜಿನ್ ಬಿಸಿಯಾದಾಗ ಗುಂಯ್ ಎಂದು ತಿರುಗಿ ತಂಪು ಮಾಡುವುದು ಅದರ ಕೆಲಸ. ಮೆಕ್ಯಾನಿಕ್ ಅದರ ಪ್ಲಾಸ್ಟಿಕ್ ರೆಕ್ಕೆಗಳನ್ನು ಕತ್ತರಿಸಿ ಎಸೆದು ಒಂದು ಪುಟ್ಟ ಹಲ್ಲುಚಕ್ರ ಕೂರಿಸಿದ. ಇದಕ್ಕೆ ಓಟ ಜಾಸ್ತಿ, ತಾಕತ್ತು ಕಮ್ಮಿ. ಹಾಗಾಗಿ ಪುಟ್ಟ ಚಕ್ರದಿಂದ ದೊಡ್ಡದಕ್ಕೆ, ಅಲ್ಲಿಂದ ಇನ್ನೂ ದೊಡ್ಡದಕ್ಕೆ ಚೈನು ಹಾಕಿ ಓಟ ಇಳಿಸಿ ತಾಕತ್ತು ಏರಿಸಬೇಕು. ಬ್ಯಾಟರಿ ಮಾತ್ರ ಹೊಸದೇ ತಂದೆ, ಸೀಟಿನ ಕೆಳಗೆ ಬಿಚ್ಚಿ ಹಾಕುವಂತೆ ಚೀಲ ಹೊಲಿದುಕೊಂಡೆ. ಮೋಟರು ಕ್ಯಾರಿಯರಿನ ಕೆಳಗೆ, ಬಲಗಡೆಯ ಡಬ್ಬದ ಪಕ್ಕದಲ್ಲೇ ಕೂತಿತು. ಡಬ್ಬದ ಮುಚ್ಚಳದಿಂದ ಒಂದೆರಡು ಹನಿ ಹಿಟ್ಟು ದಿನವೂ ಅದರ ಮೇಲೆ ಬೀಳುತ್ತಿತ್ತು. ಬಿಸಿಗೆ ಒಣಗಿ ಬಿಳಿ ಹಕ್ಕಳೆಯಾಗಿ, ಮೋಟರಿಗೆ ದೋಸೆಕಾವಲಿಯ ಹುಳಿ ವಾಸನೆ ಹಿಡಿಯಿತು.

ಮೊದಲ ದಿನ ಬ್ರಿಜ್ಜಿನ ಬುಡದಲ್ಲಿ ಸ್ವಲ್ಪ ಪೆಡಲ್ ಮಾಡಿ ಸ್ವಿಚ್ ಒತ್ತಿದೆ. ಗುಂಯ್ ಎಂದಿತು. ಯಾರೋ ಹಿಂದಿನಿಂದ ಸೀಟಿಗೆ ಕೈ ಕೊಟ್ಟು ದೂಡಿದ ಹಾಗಾಯಿತು. ಮಂಡಿ ಸುಮ್ಮನೆ ತಿರುಗುತ್ತಿತ್ತು, ನೋವಿಲ್ಲ! ಬ್ರಿಜ್ಜಿನ ನೆತ್ತಿಯಲ್ಲಿ ನಿಲ್ಲಿಸಿ ಕೆಳಗೆ ಹೋಗುವ ಲೋಕಲ್ ನೋಡಿದೆ. ಒಬ್ಬಳೇ ನಗುತ್ತ ನಿಂತಿದ್ದೆ. ಮೋಟರು ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗಿತ್ತು, ಆದ್ದರಿಂದ ಏರಿಗೆ ಮಾತ್ರ ಒತ್ತುವುದು, ಉಳಿದ ಕಡೆ ಕಾಲೇ ಎಂದು ನಾನೇ ನಿಯಮ ಮಾಡಿಕೊಂಡೆ.

ಈಗ ನನ್ನ ಅತ್ತೆ. ಇತ್ತೀಚೆಗೆ ಊರಿಂದ ಬಂದು ನಮ್ಮ ಜೊತೆಗಿದ್ದಾರೆ. ಕುಂದಾಪುರದ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು, ಕಿವಿಯೂ ಸ್ವಲ್ಪ ಮಂದ. ನಮ್ಮದು ನೆಲಮಹಡಿ, ಮೆಟ್ಟಿಲಿನ ಪಕ್ಕದ ಮನೆ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತರೆ ಮೆಟ್ಟಿಲಿನ ಕೆಳಗೆ ನಿಲ್ಲಿಸಿದ ನನ್ನ ಸೈಕಲ್ ಅವರಿಗೆ ಕಾಣುತ್ತದೆ. ಮೋಟರು ಕೂರಿಸಿ ತಂದ ದಿನ ಅವರು ಹೇಳಿದ್ದು ಇಷ್ಟೇ: "ಹೆಂಗ್ಸಿಗೆ ಎಂತಕ್ಕೆ ಮೋಟಾರು? ಬಿದ್ದ್ ಕಾಲ್ ಮುರ್ಕಂಬುಕಾ?" ಆಮೇಲೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೊಗಳುವ ಬಾಯಲ್ಲ ಅದು. ನನ್ನ ಅಡುಗೆಗೆ ಅವರು ಇವತ್ತಿನವರೆಗೆ ಕೊಟ್ಟ ಅತಿ ದೊಡ್ಡ ಹೊಗಳಿಕೆ "ಅಡ್ಡಿಲ್ಲ".

ಇನ್ನೊಬ್ಬರು ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ, ಎರಡನೇ ಮಹಡಿಯವರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಿಸೆಯಲ್ಲಿ ಎರಡು ಪೆನ್ನು. ಮೋಟರು ಕಂಡ ದಿನದಿಂದ ಅವರಿಗೆ ನಿದ್ದೆ ಬರಲಿಲ್ಲ. ಮೊದಲು ಸೊಸೈಟಿಯ ಕರೆಂಟು ಕದಿಯುತ್ತೇನೆ ಎಂದರು. ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಯ್ದು ಚಾರ್ಜ್ ಮಾಡುವುದನ್ನು ಕರೆದು ತೋರಿಸಿದೆ. ಆಮೇಲೆ ಬೆಂಕಿ ಹತ್ತಿಕೊಳ್ಳುತ್ತದೆ ಎಂದರು. ಆಮೇಲೆ, ಬೇರೆ ಏನೂ ಸಿಗದೆ, ನೋಡಲು ಚೆಂದ ಇಲ್ಲ ಎಂದರು. ಇದನ್ನು ಹೇಳುತ್ತಿದ್ದವರ ಸ್ವಂತ ಕಾರು ಕಂಪೌಂಡಿನಲ್ಲಿ ವರ್ಷಗಟ್ಟಲೆಯಿಂದ ನಿಂತಲ್ಲೇ ನಿಂತಿತ್ತು. ನಾಲ್ಕೂ ಚಕ್ರದಲ್ಲಿ ಗಾಳಿಯಿಲ್ಲ, ಮೇಲಿನ ಹೊದಿಕೆ ಚಿಂದಿಯಾಗಿ ಅದರೊಳಗೆ ಬೆಕ್ಕು ಮರಿ ಹಾಕಿತ್ತು. ಅದು ಮಾತ್ರ ಗಾಡಿ! ಅದಕ್ಕೆ ಪಾರ್ಕಿಂಗ್, ಅದಕ್ಕೆ ಗೋಡೆಯ ಮೇಲೆ ನಂಬರ್. ದಿನಾ ಬ್ರಿಜ್ ದಾಟಿ ಇಷ್ಟು ಮನೆಯ ತಿಂಡಿ ಮುಟ್ಟಿಸಿ ಬರುವ ನನ್ನ ಸೈಕಲ್ ಅವರ ಕಣ್ಣಿಗೆ ಕಸ.

ಸೊಸೈಟಿ ಸಾಫ್ ಮಾಡುತ್ತೇವೆ, ಮೆಟ್ಟಿಲಿನ ಕೆಳಗಿನ ಭಂಗಾರ್ ತೆಗೆಯಿರಿ ಎಂದು ಬೋರ್ಡಿನಲ್ಲಿ ಬರೆದರು. ನಾನು ಓದಿದೆ. ನನ್ನದು ಭಂಗಾರ್ ಅಲ್ಲವಲ್ಲ, ನನಗೆ ಏಕೆ ಎಂದು ಸುಮ್ಮನಿದ್ದೆ.

ಆ ಭಾನುವಾರ ನೆರೂಳಿನಲ್ಲಿ ಮಗಳ ಮನೆಯಲ್ಲಿ ಪೂಜೆ. ಅತ್ತೆ ಕಾಲುನೋವೆಂದು ಬರಲಿಲ್ಲ. ನಾನೂ ಗಂಡನೂ ಹೋಗಿ ಊಟ ಮುಗಿಸಿ ಮಧ್ಯಾಹ್ನ ವಾಪಸು ಬಂದೆವು. ಮೆಟ್ಟಿಲಿನ ಕೆಳಗೆ ಗುಡಿಸಿ ತೊಳೆದು ಚೊಕ್ಕಟ ಮಾಡಿದ್ದರು. ಸೈಕಲ್ ಇರಲಿಲ್ಲ.

ಬ್ಯಾಟರಿ ಮನೆಯೊಳಗೇ ಇತ್ತು. ಗಾಡಿ ಇಲ್ಲ. ಒಂದೇ ಉಸಿರಿಗೆ ಎರಡನೇ ಮಹಡಿ ಹತ್ತಿದೆ, ಮಂಡಿ ಅನ್ನುವುದು ನೆನಪೇ ಆಗಲಿಲ್ಲ. ಸೆಕ್ರೆಟರಿ ಬಾಗಿಲು ತೆರೆದು ಶಾಂತವಾಗಿ ಮರಾಠಿಯಲ್ಲಿ, ಭಂಗಾರಿಗೆ ಹಾಕಿದೆವು, ಕೇಳಿಯೇ ಹಾಕಿದ್ದೇವೆ ಎಂದರು.

"ಯಾರನ್ನು ಕೇಳಿದಿರಿ?"

"ವಹಿನೀ, ಆಜೀನಾ ವಿಚಾರ್ಲ ನಾ." ಅತ್ತಿಗೆ, ನಿಮ್ಮ ಅಜ್ಜಿಯನ್ನು ಕೇಳಿದೆವಲ್ಲ ಎಂದು. ನಂಬಿಕೆ ಬರದಿದ್ದರೆ ಅವರ ಮುಂದೆಯೇ ಕೇಳೋಣ ಬನ್ನಿ ಎಂದು ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆ ಇಳಿದರು.

ಅತ್ತೆ ಕಿಟಕಿಯ ಹತ್ತಿರವೇ ಕೂತಿದ್ದರು. ಸೆಕ್ರೆಟರಿ ಕಿಟಕಿಯ ಸರಳು ಹಿಡಿದು, ಸೈಕಲ್ ಇದ್ದ ಜಾಗ ತೋರಿಸಿ, ಗಟ್ಟಿಯಾಗಿ ಕೇಳಿದರು. "ಆಜೀ, ತೇ ಭಂಗಾರ್ ಹೋತ ನಾ? ಭಂಗಾರ್?" ಅಜ್ಜಿ, ಅದು ಭಂಗಾರ್ ಆಗಿತ್ತಲ್ಲ ಎಂದು.

ಅತ್ತೆಯ ಮುಖ ಅರಳಿತು. ತಲೆ ಮೇಲೆ ಕೆಳಗೆ ಆಡಿಸಿ, ಅದೇ ಜಾಗಕ್ಕೆ ಬೆರಳು ತೋರಿಸಿ, ಅಷ್ಟೇ ಗಟ್ಟಿಯಾಗಿ ಹೇಳಿದರು. "ಹೌದಪ್ಪ! ಬಂಗಾರ!"

"ಬಘಾ!" ಎಂದರು ಸೆಕ್ರೆಟರಿ ನನ್ನ ಕಡೆ ತಿರುಗಿ. ನೋಡಿ!

ಅತ್ತೆಯೂ ನನ್ನ ಕಡೆ ತಿರುಗಿದರು. "ಬೆಳಿಗ್ಗೆಯೂ ಬಂದ್ ಕೇಂಡ್ರ್ ಹೆಣೆ, ಇದ್ ಬಂಗಾರವಾ ಅಂದೇಳಿ. ಹೌದ್, ನಮ್ಮನಿ ಹೆಣ್ಣಿನ್ ಬಂಗಾರ ಅಂದೆ. ಅವ್ಳನ್ನ ಬ್ರಿಜ್ ಹತ್ಸುದ್ ಅದೇ ಅಂದೆ. ಹೇಳದ್ದ್ ತಪ್ಪಾಯ್ತಾ?"

ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಇಬ್ಬರ ಮಾತೂ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ, ಗಂಡ ಸೈಕಲ್ ಹುಡುಕುತ್ತ ಬಿಲ್ಡಿಂಗಿನ ಹಿಂದೆ ಹೋಗಿದ್ದರು. "ಅಡ್ಡಿಲ್ಲ" ಬಿಟ್ಟು ಬೇರೆ ಪದ ಗೊತ್ತಿಲ್ಲದ ಅತ್ತೆ, ನನ್ನ ಬೆನ್ನ ಹಿಂದೆ, ಗುರುತಿಲ್ಲದ ಗಂಡಸರ ಹತ್ತಿರ ನನ್ನ ಸೈಕಲ್ಲಿಗೆ ಬಂಗಾರ ಎಂದಿದ್ದರು. ಆ ಒಂದು ಮಾತಿಗೇ ಅದು ಹೋಗಿತ್ತು. ಅಳು ಬಂತು. ಅಳುವಿಗಿಂತ ದೊಡ್ಡದಾಗಿ ಸಿಟ್ಟು ಬಂತು. ಭಾಷೆ ಬಾರದ, ಕಿವಿ ಕೇಳದ ಮುದುಕಿಯ ಹತ್ತಿರ ಒಂದು ಪದ ಹೇಳಿಸಿಕೊಂಡು ಅದನ್ನೇ ಅಪ್ಪಣೆ ಮಾಡಿಕೊಂಡರಲ್ಲ! ನನ್ನ ಫೋನ್ ನಂಬರು ಇವರ ಹತ್ತಿರ ಇರಲಿಲ್ಲವಾ? ಗಣಪತಿ ಹಬ್ಬದ ವಂತಿಗೆಗೆ ಮಾತ್ರ ಆ ನಂಬರು ಸಿಗುತ್ತದೆ.

"ತಪ್ಪಿಲ್ಲ ಅತ್ತೆ. ನೀವು ಸರಿಯಾಗೇ ಹೇಳಿದ್ದು" ಎಂದೆ. ಸೆಕ್ರೆಟರಿಯನ್ನು ಅಲ್ಲೇ ಬಿಟ್ಟು ಗೇಟಿನ ಹೊರಗೆ ಹೋದೆ.

ನಮ್ಮ ಕಡೆಗೆಲ್ಲ ಒಬ್ಬನೇ ಕೈಗಾಡಿಯವನು. ಎರಡು ಗಲ್ಲಿಯಾಚೆ ಸಿಕ್ಕಿದ. ಬೆಳಿಗ್ಗೆಯ ಮಾಲನ್ನು ಶೀಳ್ ರಸ್ತೆಯ ಗೋಡೌನಿಗೆ ಕೊಟ್ಟುಬಿಟ್ಟಿದ್ದೇನೆ ಎಂದ. ಪಾಪ, ಅವನಿಗೇನು ಗೊತ್ತು. ಇನ್ನೊಂದು ದೊಡ್ಡ ಭಂಗಾರ್ ಇದೆ ಬಾ ಎಂದು ಕೈಗಾಡಿ ಸಮೇತ ಅವನನ್ನು ಕಂಪೌಂಡಿಗೆ ಕರೆತಂದೆ. ಸೆಕ್ರೆಟರಿಯ ಕಾರಿನ ಹೊದಿಕೆ ಸರಕ್ಕನೆ ಎಳೆದು ಹಾಕಿದೆ. ಬೆಕ್ಕು ಹಾರಿ ಓಡಿತು. ಬಿಲ್ಡಿಂಗಿನ ಎಲ್ಲ ಕಿಟಕಿಗೂ ಕೇಳುವ ಹಾಗೆ ನನ್ನ ಹರಕು ಮರಾಠಿಯಲ್ಲಿ ಕೂಗಿದೆ: "ಹೇ ಪಣ್ ಭಂಗಾರ್ ಆಹೇ! ಗೇಊನ್ ಜಾ!" ಇದೂ ಗುಜರಿಯೇ, ತಗೊಂಡು ಹೋಗು!

ಕೈಗಾಡಿಯವನು ಬಾನೆಟ್ಟಿಗೆ ಬೆರಳಿನಿಂದ ತಟ್ಟಿ ಶಬ್ದ ಕೇಳತೊಡಗಿದ. ಸೆಕ್ರೆಟರಿ ಓಡಿ ಬಂದರು. "ವಹಿನೀ, ಇದೇನು ತಮಾಷೆ, ಇದು ನನ್ನ ಗಾಡಿ!"

"ಓಡುತ್ತದಾ?"

ಅವರು ಹೊದಿಕೆ ಎತ್ತಿ ಮತ್ತೆ ಕಾರಿನ ಮೇಲೆ ಎಳೆಯತೊಡಗಿದರು.

"ನನ್ನದು ಓಡುತ್ತಿತ್ತು. ಈಗ ನೀವು ನನ್ನ ಜೊತೆ ಗೋಡೌನಿಗೆ ಬನ್ನಿ. ಇಲ್ಲದಿದ್ದರೆ ಸೊಸೈಟಿ ಸಾಫ್ ಆಗುವವರೆಗೆ ನಾನು ಇಲ್ಲಿಂದ ಕದಲುವವಳಲ್ಲ." ಗಂಡ ಬಾಗಿಲಲ್ಲಿ ನಿಂತು ಅಂಗಿಯ ಗುಂಡಿ ತಿರುಚುತ್ತಿದ್ದರು. ಒಮ್ಮೆಯೂ ಬಿಡು ಮಾರಾಯ್ತಿ ಎನ್ನಲಿಲ್ಲ. ಎಲ್ಲ ಕಿಟಕಿಯಲ್ಲೂ ಮುಖ. ಸೆಕ್ರೆಟರಿ ಬಂದರು, ಬಾರದೆ ಏನು ಮಾಡುತ್ತಾರೆ.

ಆಟೋ ಹಿಡಿದು ಹೋದೆವು. ಗೋಡೌನಿನಲ್ಲಿ ಸೈಕಲ್ ಗೋಡೆಗೆ ಒರಗಿತ್ತು, ಅದನ್ನು ಇನ್ನೂ ಮುರಿದಿರಲಿಲ್ಲ. ಮೋಟರು ಮಾತ್ರ ಕಿತ್ತಿದ್ದರು, ವೈರು ಕತ್ತರಿಸಿದ ಹಾಗೇ ನೇತಾಡುತ್ತಿತ್ತು. ಮೋಟರು ಎಲ್ಲಿ ಎಂದರೆ ಮಾಲೀಕ ಒಂದು ಮೂಲೆ ತೋರಿಸಿದ. ಒಡೆದು ತಾಮ್ರ ತೆಗೆಯಲು ಗುಡ್ಡೆ ಹಾಕಿದ ಮೋಟರುಗಳು. ಎಲ್ಲವೂ ಕಪ್ಪು, ಎಲ್ಲವೂ ಎಣ್ಣೆ, ಎಲ್ಲವೂ ಒಂದೇ ಗಾತ್ರ. ರೆಕ್ಕೆ ಕಿತ್ತವು, ಚಕ್ರ ಕಿತ್ತವು. ಯಾವುದೋ ಒಂದು ತಗೊಂಡು ಹೋಗಿ ಅಮ್ಮ ಎಂದ ಮಾಲೀಕ. ಯಾವುದೋ ಒಂದು ಯಾಕೆ ತಗೊಳ್ಳಲಿ? ನನ್ನದು ನನಗೆ ಬೇಕು.

ಕೂರಲು ಬಾರದ ಮಂಡಿಯನ್ನು ಮಡಚಿ ಆ ಗುಡ್ಡೆಯ ಮುಂದೆ ಕೂತೆ. ಒಂದೊಂದೇ ಎತ್ತಿ ಮೂಗಿಗೆ ಹಿಡಿದೆ. ಗೋಡೌನಿನ ಜನ ಕೆಲಸ ಬಿಟ್ಟು ನೋಡುತ್ತ ನಿಂತರು, ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಡೀಸಲ್ ವಾಸನೆ, ಸುಟ್ಟ ವಾಸನೆ, ಇಲಿಯ ವಾಸನೆ. ಬಿಳಿ ಶರ್ಟಿನ ಸೆಕ್ರೆಟರಿಯನ್ನೂ ಸುಮ್ಮನೆ ಬಿಡಲಿಲ್ಲ. "ಹಿಂದಿನ ಸಾಲಿಂದ ತೆಗೆದು ಕೊಡಿ" ಎಂದೆ. ಕೊಟ್ಟರು. ಕಿಸೆಯ ಪೆನ್ನು ಎರಡು ಸಲ ಗುಡ್ಡೆಗೆ ಬಿತ್ತು. ಹಾಗೆ ಅವರೇ ಎತ್ತಿ ಕೊಟ್ಟ ಒಂದನ್ನು ಮೂಗಿಗೆ ಹಿಡಿದರೆ ಹುಳಿ ಹಿಟ್ಟಿನ ವಾಸನೆ. ಉಗುರಿನಿಂದ ಕೆರೆದೆ. ಬಿಳಿ ಹಕ್ಕಳೆ ಉದುರಿತು. ನನ್ನದೇ!

ಗೋಡೌನಿನವನ ಲೆಕ್ಕ ಸೆಕ್ರೆಟರಿಯೇ ಚುಕ್ತಾ ಮಾಡಿದರು. ನನ್ನ ಹತ್ತಿರ ತಪ್ಪಾಯಿತು ಎನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ಸೈಕಲ್ಲನ್ನು ಪಕ್ಕದ ಗ್ಯಾರೇಜಿಗೆ ದೂಡಿಕೊಂಡು ಹೋದೆ. ಮೆಕ್ಯಾನಿಕ್ ಕಥೆ ಕೇಳಿ, ವೈರು ಬೆಸೆಯುತ್ತಲೇ ನಕ್ಕ. "ನಮ್ಮ ಅವ್ವನೂ ಮೊದಲ ಹಂಗ ತಿಳ್ಕೊಂಡಿದ್ಲರೀ" ಎಂದ. ಮರುದಿನ ಬೆಳಿಗ್ಗೆ ಡಬ್ಬ ಕಟ್ಟಿಕೊಂಡು ಬ್ರಿಜ್ಜಿನ ಬುಡದಲ್ಲಿ ಸ್ವಿಚ್ ಒತ್ತಿದೆ. ಗುಂಯ್ ಎಂದಿತು. ವೆಸ್ಟಿನ ಗಿರಾಕಿಗಳಿಗೆ ಏನಾಗಿತ್ತು ಎನ್ನುವುದೇ ಗೊತ್ತಾಗಲಿಲ್ಲ.

ಸೈಕಲ್ ಈಗಲೂ ಮೆಟ್ಟಿಲಿನ ಕೆಳಗೇ ನಿಲ್ಲುತ್ತದೆ. ಯಾರೂ ತುಟಿ ಬಿಚ್ಚುವುದಿಲ್ಲ. ಅತ್ತೆ ಕಿಟಕಿಯ ಹತ್ತಿರ ಕಾವಲು ಕೂತಿರುತ್ತಾರೆ. ಅವರ ಲೆಕ್ಕದಲ್ಲಿ ನಡೆದದ್ದು ಬಹಳ ಸರಳ. ಒಬ್ಬ ಮನುಷ್ಯ ಬಂದು ಇದು ಬಂಗಾರವಾ ಎಂದು ಕೇಳಿದ. ಹೌದು ಎಂದದ್ದೇ ತಡ, ಹೊತ್ತುಕೊಂಡು ಹೋದ. ಸೊಸೆ ಹೋಗಿ ಬಿಡಿಸಿಕೊಂಡು ಬಂದಳು. ಸೆಕ್ರೆಟರಿ ಮೆಟ್ಟಿಲು ಇಳಿದಾಗಲೆಲ್ಲ ಅವರು ಸರಳಿನ ಹತ್ತಿರ ಮುಖ ತಂದು ಗಟ್ಟಿಯಾಗಿ ಹೇಳುತ್ತಾರೆ: "ಕಾಣ್ ಹೆಣೆ, ಬಂಗಾರದ್ ಕಳ್ಳ ಹೋತಾ ಇದ್ದ!"

ಸೆಕ್ರೆಟರಿಗೆ ಅರ್ಥವಾಗುವುದು ಆ ಒಂದು ಪದ ಮಾತ್ರ. ಅಷ್ಟಕ್ಕೇ ತಲೆ ತಗ್ಗಿಸಿ, ಕಾರಿನ ಕಡೆಯೂ ನೋಡದೆ, ಬಿರಬಿರನೆ ಗೇಟು ದಾಟುತ್ತಾರೆ. ಈ ಊರಿನಲ್ಲಿ ಭಂಗಾರ್ ಎಂದರೆ ಏನು ಎಂದು ನಾನು ಅತ್ತೆಗೆ ಇನ್ನೂ ಹೇಳಿಲ್ಲ. ಹೇಳುವುದೂ ಇಲ್ಲ.